ಹಸಿರು ಬಲೆಯ ಬೆಟ್ಟಗಳು

ಓದಿ ಬೇಸರವಾದಾಗ ನಾನು ಮೊಬೈಲ್‌ನಲ್ಲಿ ಬೆಟ್ಟ, ನದಿಗಳ ಚಿತ್ರ ನೋಡುತ್ತಾ ಎಲ್ಲವನ್ನೂ ಮರೆಯುತ್ತೇನೆ. ಒಂದು ರಾತ್ರಿ ಚೀನಾದ ಕಲಾವಿದ ಯಾವೊ ಲು ಅವರ ಚಿತ್ರವೊಂದು ಕಂಡಿತು. ಮಂಜು ಮುಸುಕಿದ ಹಸಿರು ಬೆಟ್ಟಗಳು, ನಡುವೆ ಪುಟ್ಟ ಮಂಟಪ. ಥೇಟ್ ಹಳೆಯ ಚೀನೀ ವರ್ಣಚಿತ್ರ. ಮನಸ್ಸು ಹಗುರಾಯಿತು. ದೊಡ್ಡದು ಮಾಡಿ ನೋಡಿದರೆ ಅವು ಬೆಟ್ಟಗಳೇ ಅಲ್ಲ! ಕಟ್ಟಡ ಕೆಡವಿದ ಮಣ್ಣು, ಕಸದ ರಾಶಿ. ಧೂಳು ಏಳದಂತೆ ಮೇಲೆ ಹೊದಿಸಿದ ಹಸಿರು ಬಲೆ. 1967ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಅವರು, ಇಂತಹ ರಾಶಿಗಳ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ‘ಹೊಸ ಭೂದೃಶ್ಯಗಳು’ ಎಂಬ ಸರಣಿಯನ್ನೇ ರಚಿಸಿದ್ದಾರೆ.

ಆಗ ನನ್ನದೇ ಒಂದು ಫೋಟೊ ನೆನಪಾಯಿತು. ಕಳೆದ ರಜೆಯಲ್ಲಿ ನಾನಿಯ ಊರಿನ ಹೊಳೆಯ ಫೋಟೊ ತೆಗೆದು, ದಡದ ಪ್ಲಾಸ್ಟಿಕ್ ಚೀಲಗಳನ್ನೆಲ್ಲ ಅಳಿಸಿ ಸ್ಟೇಟಸ್‌ಗೆ ಹಾಕಿದ್ದೆ. ಗೆಳೆಯರು ಹೊಗಳಿದ್ದರು. ನಾನಿ ಮಾತ್ರ, “ಇದು ಯಾವ ಊರಿನ ಹೊಳೆ ಬೇಟಾ?” ಎಂದು ಕೇಳಿದ್ದರು. ಆ ದಿನ ನಕ್ಕಿದ್ದೆ. ಈಗ ನಾಚಿಕೆಯಾಗುತ್ತದೆ.

ಯಾವೊ ಲು ಕೂಡ ಫೋಟೊ ಬದಲಿಸುತ್ತಾರೆ, ನಾನೂ ಬದಲಿಸಿದೆ. ಅವರು ಬದಲಿಸಿದ್ದು ಕಸ ನಮ್ಮ ಕಣ್ಣಿಗೆ ಬೀಳಲೆಂದು, ನಾನು, ಬೀಳದಿರಲೆಂದು. ನಾನು ಕಸ ತೆಗೆದದ್ದು ಚಿತ್ರದಿಂದ, ಹೊಳೆಯಿಂದಲ್ಲ.

ಈ ರಜೆಗೆ ನಾನಿಯ ಮನೆಗೆ ಹೋಗುವಾಗ ಮೊಬೈಲ್ ಜೊತೆ ಎರಡು ಗೋಣಿಚೀಲವನ್ನೂ ಒಯ್ಯುತ್ತೇನೆ. ಅಳಿಸದ ಫೋಟೊವನ್ನೇ ನಾನಿಗೆ ತೋರಿಸಬೇಕು.