ಶರಾವತಿಗೆ ಕಿವಿಗೊಟ್ಟು

ಬೆಳಗಿನ ಏಳು ಗಂಟೆಗೆ ಹೊನ್ನಾವರದ ಬಂದರಿನಲ್ಲಿ ಶರಾವತಿ ಹಿಮ್ಮುಖವಾಗಿ ಹರಿಯುತ್ತಿದ್ದಳು. ಭರತದ ನೀರು ಅಳಿವೆಯಿಂದ ಒಳನುಗ್ಗಿ, ಘಟ್ಟ ಇಳಿದು ಬಂದ ಹೊಳೆಯನ್ನು ಮತ್ತೆ ಘಟ್ಟದ ಕಡೆಗೇ ತಿರುಗಿಸಿತ್ತು. ಒಣಗಿದ ತೆಂಗಿನ ಗರಿಯೊಂದು ನಮಗಿಂತ ಮೊದಲೇ ಗೇರುಸೊಪ್ಪೆಯ ದಿಕ್ಕಿಗೆ ಹೊರಟಿತ್ತು.

“ಈಗ ಹೊರಟ್ರೆ ಅರ್ಧ ದಾರಿ ನೀರೇ ಎಳ್ಕಂಡು ಹೋಗ್ತದೆ ಅಕ್ಕೋರೆ, ಉಳಿದರ್ಧಕ್ಕೆ ಮಷೀನು” ಎಂದರು ದೋಣಿಯ ಅಣ್ಣ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆಂದು ತಿಳಿದ ಕ್ಷಣದಿಂದ ಅವರಿಗೂ ಅವರ ಅಳಿಯ ಹುಡುಗನಿಗೂ ನಾನು ಅಕ್ಕೋರು.

ಗೇರುಸೊಪ್ಪೆಗೆ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಆದರೆ ಆ ಊರಿನ ಹಳೆಯ ಹೆದ್ದಾರಿ ಹೊಳೆ. 16ನೇ ಶತಮಾನದಲ್ಲಿ ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಮೆಣಸು ಇದೇ ನೀರಿನ ಮೇಲೆ ಇಳಿದು ಹೊನ್ನಾವರ ಸೇರಿ, ಅಲ್ಲಿಂದ ಕಡಲಾಚೆಗೆ ಹೋಗುತ್ತಿತ್ತು. ಮೆಣಸು ಇಳಿದ ದಾರಿಯನ್ನು ಒಮ್ಮೆ ಏರಿ ನೋಡಬೇಕೆಂಬುದು ನನ್ನ ಬಹುದಿನದ ಆಸೆ.

ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಂಕಣ ರೈಲ್ವೆ ಸೇತುವೆಯ ಕಂಬಗಳ ನಡುವೆ ನುಸುಳಿದೆವು. ಮಾವಿನಕುರ್ವೆಯ ತೆಂಗು ಹಿಂದೆ ಸರಿಯಿತು. ಕಾಂಡ್ಲಾ ಗಿಡಗಳ ಬೇರು ನೀರಿನಲ್ಲಿ ಅರ್ಧ ಮುಳುಗಿ ನಿಂತಿದ್ದವು. ಕುತ್ತಿಗೆಮಟ್ಟದ ನೀರಿನಲ್ಲಿ ಬಳಚು ಹೆಕ್ಕುತ್ತಿದ್ದ ಹೆಂಗಸರು ತಲೆಯೆತ್ತಿ ನಕ್ಕರು. ದೋಣಿಯ ಹಿಂಬದಿಗೆ ಬಿಗಿದ ಎರಡು ಸಿಲಿಂಡರಿನ ಮಷೀನು ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ಹೊರಳಿ, ಒಂದೇ ಉಸಿರಿನಲ್ಲಿ ಹಾಡುತ್ತಿತ್ತು.

ಹೈಗುಂದದ ನಡುಗಡ್ಡೆ ಕಣ್ಣಿಗೆ ಬೀಳುವ ಹೊತ್ತಿಗೆ ಆ ಹಾಡಿನೊಳಗೆ ಇನ್ನೊಂದು ಸದ್ದು ಸೇರಿಕೊಂಡಿತು. ಟಕ್, ಟಕ್, ಟಕ್. ಬಾಗಿಲಿನಾಚೆ ಯಾರೋ ಬಂದು ಕರೆಯುತ್ತಿದ್ದಾರೇನೋ ಎಂಬಷ್ಟು ಸ್ಪಷ್ಟ. ನನಗೆ ಕೇಳುವ ಮೊದಲೇ ಅಣ್ಣನಿಗೆ ಕೇಳಿತ್ತು. ಅವರ ಕೈ ಆಗಲೇ ವೇಗ ಇಳಿಸಿತ್ತು. ವೇಗ ಇಳಿದಂತೆ ಟಕ್ಕಿನ ಓಟವೂ ಇಳಿಯಿತು.

ಅಣ್ಣ ಏನೂ ಮಾತಾಡದೆ ದೋಣಿಯನ್ನು ದಡಕ್ಕೆ ತಿರುಗಿಸಿ, ಬಾಗಿದ ಮರವೊಂದಕ್ಕೆ ಹಗ್ಗ ಕಟ್ಟಿಸಿದರು. ಮಷೀನು ಇನ್ನೂ ನಡೆಯುತ್ತಿತ್ತು. ಗೇರು ತಪ್ಪಿಸಿದರು, ಸದ್ದು ಮಾಯ. ಗೇರು ಹಾಕಿದರು, ಫ್ಯಾನು ನೀರನ್ನು ತಳ್ಳಿತು, ಹಗ್ಗ ಬಿಗಿಯಿತು, ಟಕ್ ಟಕ್ ಮರಳಿ ಬಂತು.

“ಹಾಗಾದ್ರೆ ತೊಂದ್ರೆ ಕೆಳಗಿದೆ, ಅಲ್ವಾ ಅಣ್ಣ?” ಎಂದೆ.

“ಹಂಗೆ ಹೇಳೂಕಾಗ್ದು ಅಕ್ಕೋರೆ. ಭಾರ ಬಿದ್ದಾಗ ಮೇಲಿನದೂ ಕೂಗ್ತದೆ. ಹೊರೆ ಹೊತ್ತವನ ಮೊಣಕಾಲೂ ನೋಯ್ತದೆ, ಸೊಂಟಾನೂ ನೋಯ್ತದೆ. ಯಾವುದು ಅಂತ ಕೇಳ್ಬೇಕು.”

ಆಮೇಲಿನ ಒಂದು ಗಂಟೆ ನಾನು ಕಂಡದ್ದು ಆ ಕೇಳುವಿಕೆಯನ್ನು.

ಮೊದಲು ನೀರು. ಮಷೀನಿನ ಪಕ್ಕದ ಸಣ್ಣ ತೂತಿನಿಂದ ಚಿಮ್ಮುವ ಎಳೆ ನೀರಿಗೆ ಬೆರಳೊಡ್ಡಿದರು. ಹೊಳೆಯ ನೀರನ್ನೇ ಹೀರಿ ಮೈ ತಣಿಸಿಕೊಳ್ಳುವ ಮಷೀನು ಅದು. ಆ ಎಳೆ ಸೊರಗಿದರೆ, ಸುಡುವಷ್ಟು ಕಾದಿದ್ದರೆ, ಪಿಸ್ಟನ್ ಹಿಗ್ಗಿ ಸದ್ದು ಮಾಡಬಹುದು. ಎಳೆ ದಪ್ಪಗಿತ್ತು, ಬೆಚ್ಚಗಿತ್ತು. ಅದಲ್ಲ.

ಎರಡನೆಯದು ಎಣ್ಣೆ. ಪೆಟ್ರೋಲಿಗಿಂತ ಸೀಮೆಎಣ್ಣೆ ಆತುರದ್ದು. ಒತ್ತಡ, ಬಿಸಿ ಹೆಚ್ಚಾದರೆ ಪ್ಲಗ್ಗಿನ ಕಿಡಿಯಿಂದ ಹಬ್ಬುವ ಉರಿಗೆ ಕಾಯದೆ ತಾನೇ ಸಿಡಿದು ಲೋಹಕ್ಕೆ ಬಡಿಯುತ್ತದೆ. ಹುಡುಗ ಪೈಪು ಬದಲಿಸಿ ಮತ್ತೆ ಪೆಟ್ರೋಲು ಕೊಟ್ಟ. ಟಕ್ ಟಕ್ ಹಾಗೆಯೇ ಉಳಿಯಿತು. ಅದೂ ಅಲ್ಲ.

ಮೂರನೆಯದು ಕಿಡಿ. ರಬ್ಬರ್ ಹಿಡಿಯ ಇಕ್ಕಳದಿಂದ ಒಂದು ಪ್ಲಗ್ಗಿನ ಟೊಪ್ಪಿ ಕಳಚಿ ಆ ಸಿಲಿಂಡರನ್ನು ಸುಮ್ಮನಾಗಿಸಿದರು. ಪಿಸ್ಟನ್ನಿನ ಕೋಲು ಸಡಿಲವಾಗಿದ್ದರೆ, ಮೇಲಿನಿಂದ ಬೀಳುವ ಉರಿಯ ಏಟು ತಪ್ಪಿದಾಗ ಅದರ ಬಡಿತವೂ ಮೆತ್ತಗಾಗಬೇಕು. ಆಗಲಿಲ್ಲ. ಎರಡನೆಯ ಸಿಲಿಂಡರಿಗೂ ಅದೇ ಪರೀಕ್ಷೆ, ಅದೇ ಉತ್ತರ.

ಆಗ ಅವರು ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಮಷೀನಿನ ತಲೆಗೆ ಊರಿ, ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿ ಕಣ್ಣು ಮುಚ್ಚಿದರು. ತಲೆಯಿಂದ ಮೈಗೆ, ಮೈಯಿಂದ ನೀರಿಗಿಳಿಯುವ ಕಾಲಿಗೆ, ಒಂದೊಂದೇ ಗೇಣು ಕೆಳಗೆ ಸರಿಸುತ್ತ ಹೋದರು. ಆಮೇಲೆ ಸ್ಕ್ರೂಡ್ರೈವರನ್ನು ನನ್ನ ಕೈಗಿತ್ತರು.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, ನೀರಿನಲ್ಲಿ ಸುಮಾರು 1,500 ಮೀಟರ್, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಓಡುತ್ತದೆ ಎಂದು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಆ ಅಂಕಿಗಳು ನನ್ನ ಕೆನ್ನೆಯೆಲುಬಿನೊಳಗೆ ನಡುಗಿದ್ದು ಅಂದೇ ಮೊದಲು. ಮೇಲೆ ಊರಿದಾಗ ಪಿಸ್ಟನ್ನುಗಳ ದುಡಿತ ಮಾತ್ರ, ಒರಳಿನ ಗುಡುಗುಡುವಿನ ಹಾಗೆ ಒಂದೇ ಸಮ. ಕೆಳಗಿಳಿದಂತೆ ಆ ಗುಡುಗುಡು ದೂರವಾಗಿ, ಟಕ್ ಎಂಬುದು ಹತ್ತಿರ ಬಂತು. 1816ರಲ್ಲಿ ಪ್ಯಾರಿಸಿನ ವೈದ್ಯ ರೆನೆ ಲೆನೆಕ್ ಕಾಗದವನ್ನು ಕೊಳವೆಯಾಗಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದಾಗ ಹೃದಯದ ಬಡಿತ ಎಂದಿಗಿಂತ ಸ್ಪಷ್ಟವಾಗಿ ಕೇಳಿತಂತೆ. ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. ಹೈಗುಂದದ ದಡದಲ್ಲಿ ನನಗೂ ಒಂದು ಎದೆಯ ಸದ್ದು ಕೇಳಿತು.

“ಕೇಳ್ತಾ?” ಎಂದರು ಅಣ್ಣ. ತಲೆಯಾಡಿಸಿದೆ. ಮಾತು ಹೊರಡಲಿಲ್ಲ.

ಮಷೀನು ನಿಲ್ಲಿಸಿ, ಕಾಲನ್ನು ನೀರಿನಿಂದ ಮೇಲೆತ್ತಿ, ಎರಡೂ ಪ್ಲಗ್ಗು ಬಿಚ್ಚಿದರು. ಫ್ಯಾನಿನ ಒಂದು ಎಸಳಿಗೆ ದಾರ ಕಟ್ಟಿದರು. ಗೇರು ಹಾಕಿ, “ತಮಾ, ಮೇಲಿನ ಚಕ್ರ ಸಾವಕಾಶ ತಿರುಗ್ಸು” ಎಂದು, ತಾವು ಎಸಳನ್ನು ಅಂಗೈಯಿಂದ ತುಸು ತಡೆದು ಹಿಡಿದರು. ಮೇಲಿನ ಚಕ್ರ ಎರಡು ಸುತ್ತಿಗಿಂತ ಚೂರು ಹೆಚ್ಚು ತಿರುಗಿದರೆ ಫ್ಯಾನು ಒಂದು ಸುತ್ತು ಬರುತ್ತದೆ. ದಾರದ ಎಸಳು ಕೆಳಗಿನಿಂದ ಮೇಲೇರಿ ಬಲಕ್ಕೆ ವಾಲಿದಾಗ ಅಂಗೈಗೆ ಒಂದು ಸಣ್ಣ ಜಗ್ಗು. ಮತ್ತೊಂದು ಸುತ್ತು, ಅದೇ ಜಾಗ, ಅದೇ ಜಗ್ಗು.

“ಫ್ಯಾನಿನ ಸುತ್ತಿಗೊಂದು, ಮಷೀನಿನ ಸುತ್ತಿಗಲ್ಲ. ಕೆಳಗಿನ ದೊಡ್ಡ ಗೇರಿನ ಹಲ್ಲು” ಎಂದು ನನಗೂ ಹುಡುಗನಿಗೂ ಒಟ್ಟಿಗೆ ಹೇಳಿದರು.

ಸಾಕ್ಷಿ ತೆಗೆಯುವುದಷ್ಟೇ ಉಳಿದಿತ್ತು. ಹೊಳೆಗೆ ಒಂದು ಹನಿಯೂ ಬೀಳದಂತೆ ತೆಂಗಿನ ಕರಟ ಹಿಡಿದು ಕೆಳಗಿನ ಸ್ಕ್ರೂ ಬಿಚ್ಚಿದರು. ಜೇನಿನ ಬಣ್ಣವಿರಬೇಕಾದ ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಇಳಿಯಿತು. ಸ್ಕ್ರೂವಿನ ತುದಿಯ ಆಯಸ್ಕಾಂತಕ್ಕೆ ಅಕ್ಕಿ ನುಚ್ಚಿನಷ್ಟು ಉಕ್ಕಿನ ಚೂರೊಂದು ಅಂಟಿ ಕೂತಿತ್ತು. ಫ್ಯಾನು ಕಳಚಿದಾಗ ಹಿಂದೆ ಬಲೆಯ ನೈಲಾನ್ ದಾರ ಉಂಡೆಯಾಗಿ ಸುತ್ತಿಕೊಂಡಿತ್ತು. ಯಾವಾಗಲೋ ನೀರಿನಲ್ಲಿ ತೇಲಿ ಬಂದ ಆ ದಾರ ರಬ್ಬರ್ ಸೀಲನ್ನು ಕೊಯ್ದಿದೆ. ಸೀಲಿನ ಗಾಯದಿಂದ ಉಪ್ಪುನೀರು ಎಣ್ಣೆಯೊಳಗೆ ಸೇರಿದೆ. ಎಣ್ಣೆಯ ಪೊರೆ ಸೋತಲ್ಲಿ ಉಕ್ಕು ಉಕ್ಕನ್ನು ತೇಯ್ದಿದೆ. ಕೂದಲೆಳೆಯಂಥ ದಾರದಿಂದ ಉಕ್ಕಿನ ಹಲ್ಲಿನವರೆಗೆ ಇಡೀ ಕಥೆ ಒಂದು ಕರಟದಲ್ಲಿತ್ತು.

ಮರುದಿನ ಹೊನ್ನಾವರದಲ್ಲಿ ಆ ಗೇರಿನ ಪೆಟ್ಟಿಗೆ ಬಿಚ್ಚುವಾಗ ನಾನೂ ಹೋಗಿ ನಿಂತೆ. ಚಿಕ್ಕ ಗೇರಿಗೆ 13 ಹಲ್ಲು, ದೊಡ್ಡದಕ್ಕೆ 27. ಈ ಎರಡು ಸಂಖ್ಯೆಗಳಿಗೆ ಒಂದನ್ನು ಬಿಟ್ಟು ಸಾಮಾನ್ಯ ಅಪವರ್ತನವೇ ಇಲ್ಲ. ಹಾಗಾಗಿ ಒಂದು ಹಲ್ಲು ಎದುರಿನ ಎಲ್ಲ ಹಲ್ಲುಗಳನ್ನೂ ಸರದಿಯಂತೆ ಭೇಟಿಯಾಗುತ್ತದೆ. ಒಮ್ಮೆ ಕೂಡಿದ ಜೋಡಿ ಮತ್ತೆ ಕೂಡಲು 351 ಹಲ್ಲು ದಾಟಬೇಕು. ಸವೆತ ಒಂದೇ ಕಡೆ ಬೀಳದೆ ಎಲ್ಲರಿಗೂ ಹಂಚಿಹೋಗಲೆಂದೇ ಗೇರು ಕಡೆಯುವವರು ಇಂಥ ಸಂಖ್ಯೆಗಳನ್ನು ಆರಿಸುತ್ತಾರೆ. ಆ 27ರಲ್ಲಿ ಒಂದರ ಮೂಲೆ ಹಾರಿಹೋಗಿತ್ತು. ನಡೆಯುವ ಮಷೀನಿನ ಅಷ್ಟು ಗದ್ದಲದೊಳಗೆ ಅಣ್ಣ ಹುಡುಕಿ ತೆಗೆದದ್ದು ಆ ಒಂದನ್ನು.

ಅಂದು ಮಾತ್ರ ನಾವು ಗೇರುಸೊಪ್ಪೆ ಮುಟ್ಟಲಿಲ್ಲ. “ಮುರಿದ ಹಲ್ಲು ಪಕ್ಕದ್ದನ್ನೂ ಮುರೀತದೆ” ಎಂದು ಅಣ್ಣ ಮಷೀನನ್ನು ಮೇಲೆತ್ತಿ ಕಟ್ಟಿದರು. ಅಷ್ಟರಲ್ಲಿ ಭರತ ಮುಗಿದು ಹೊಳೆ ಒಂದು ಗಳಿಗೆ ನಿಂತು, ಮೆಲ್ಲಗೆ ಕಡಲಿಗೆ ತಿರುಗಿತ್ತು. ರಾಣಿಯ ಮೆಣಸನ್ನು ಹೊತ್ತೊಯ್ದ ಇಳಿತವೇ ನಮ್ಮನ್ನೂ ಹೊತ್ತುಕೊಂಡಿತು.

ಮಷೀನಿಲ್ಲದ ಹೊಳೆ ಬೇರೆಯೇ ಹೊಳೆ. ಹುಡುಗ ಹುಟ್ಟು ಹಾಕುವುದನ್ನು ನಿಲ್ಲಿಸಿ, ಅದರ ಅಗಲದ ತುದಿಯನ್ನು ನೀರಿನೊಳಗೇ ಬಿಟ್ಟು, “ಇದ್ಕೂ ಕಿವಿ ಕೊಟ್ಟು ನೋಡಿ ಅಕ್ಕೋರೆ” ಎಂದ.

ಹುಟ್ಟಿನ ಹಿಡಿಯನ್ನು ಕಿವಿಗೊತ್ತಿದೆ. ಬಿಸಿ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಚಟಪಟ! ಅಳಿವೆಯ ತಳದಲ್ಲಿ ಚಿಟಿಕೆ ಹೊಡೆಯುವ ಪುಟ್ಟ ಸಿಗಡಿಗಳಿರುತ್ತವೆ. ಕೊಂಡಿಯನ್ನು ಫಟ್ಟನೆ ಮುಚ್ಚಿದಾಗ ಚಿಮ್ಮುವ ನೀರಿನಲ್ಲಿ ಒಂದು ಗುಳ್ಳೆ ಹುಟ್ಟುತ್ತದೆ. ಆ ಗುಳ್ಳೆ ಕುಸಿದಾಗ ಆಗುವ ಸದ್ದು ಅದು. ಮೇಲೆ ಕನ್ನಡಿಯಂತೆ ಸುಮ್ಮನಿದ್ದ ಶರಾವತಿ ಒಳಗೆ ಸಂತೆಯಾಗಿದ್ದಳು.

ಆ ಚಟಪಟದ ಅಡಿಯಲ್ಲಿ ಇನ್ನೊಂದು ಸದ್ದು ಎದ್ದಿತು, ಬಿಡುವಿಲ್ಲದ, ಒಂದೇ ಸಮನಾದ ಗುಂಯ್ಗುಡುವಿಕೆ. ತಲೆಯೆತ್ತಿ ಗಾಳಿಗೆ ಕಿವಿಯಾನಿಸಿದೆ, ಏನೂ ಇಲ್ಲ. ಮತ್ತೆ ಹುಟ್ಟಿಗೆ ಕಿವಿಯಿಟ್ಟೆ, ಇದೆ.

“ಒಂದು ದೋಣಿ ಬರ್ತಾ ಇದೆ ಅಣ್ಣ” ಎಂದೆ.

ಅವರು ಹುಟ್ಟನ್ನು ಇಸಿದುಕೊಂಡು ಕಣ್ಣು ಮುಚ್ಚಿ ಕೇಳಿದರು. “ಹೌದು. ಅದರ ಹಲ್ಲು ಎಲ್ಲಾ ಸಮ ಅದೆ.”

ಸುಮಾರು ಹೊತ್ತಿನ ಮೇಲೆ ಹೊಳೆಯ ತಿರುವಿನಲ್ಲಿ ಒಂದು ದೋಣಿ ಮೂಡಿತು. ಅದರಲ್ಲಿದ್ದವರು ಹಗ್ಗ ಎತ್ತಿ ತೋರಿಸಿ, ಎಳೆದುಕೊಂಡು ಹೋಗಬೇಕೇ ಎಂದು ಕೂಗಿದರು. ಬೇಡ, ಇಳಿತ ಸಾಕು ಎಂದು ಅಣ್ಣ ಕೈಯಾಡಿಸಿದರು. ನಾನು ಹುಟ್ಟನ್ನು ಮತ್ತೆ ಕೇಳಿ ತೆಗೆದುಕೊಂಡೆ. ರೈಲು ಸೇತುವೆಯ ಕಂಬಗಳು ಕಾಣುವವರೆಗೂ ಅದನ್ನು ಕಿವಿಯಿಂದ ಇಳಿಸಲಿಲ್ಲ.