ಶಾಲೆಯ ಸಂಕಲ್ಪ
ಮುಕ್ಕಾಲು ಪಾಲಿಗೆ ಕಡಮೆಯಿಲ್ಲದಂತೆ ಪೋಷಕರಿಂದಲೇ ಕೂಡಿರತಕ್ಕ ಶಾಲಾ ನಿರ್ವಹಣಾ ಸಮಿತಿಯ ಕೈಗೆ ಶಾಲಾಭಿವೃದ್ಧಿ ಯೋಜನೆಯನ್ನು ರೂಪಿಸುವ ಹೊಣೆಯನ್ನು ಒಪ್ಪಿಸಿರುವುದು, ನನ್ನ ಎಣಿಕೆಯಲ್ಲಿ, 2009ರ ಶಿಕ್ಷಣ ಹಕ್ಕು ಕಾಯಿದೆಯ ಅತ್ಯಂತ ಉದಾತ್ತವಾದ ವಿಧಿಗಳಲ್ಲೊಂದು. ಮೂರನೆಯ ತರಗತಿ ಮುಗಿಯುವುದರೊಳಗಾಗಿ ನಮ್ಮೂರಿನ ಪ್ರತಿಯೊಂದು ಮಗುವೂ ಒಂದು ಕಥೆಯನ್ನು ತಾನಾಗಿ ಓದಿ ಅರ್ಥಮಾಡಿಕೊಳ್ಳತಕ್ಕದ್ದೆಂದು ಉಪಾಧ್ಯಾಯರೂ ತಾಯಿತಂದೆಗಳೂ (ಸಮಿತಿಯ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೇ ಸಲ್ಲಬೇಕೆಂಬ ನಿಯಮವು ಎಷ್ಟು ವಿವೇಕಯುತವಾದುದು!) ಒಂದೆಡೆ ಕುಳಿತು ನಿಶ್ಚಯಿಸಿದರೆಂದರೆ, ಸುಗ್ಗಿಯ ದಿನಗಳಲ್ಲಿ ಮಗುವನ್ನು ಹೊಲಕ್ಕೆ ಕರೆದೊಯ್ಯಬೇಕೋ ಶಾಲೆಗೆ ಕಳುಹಬೇಕೋ ಎಂಬ ಪ್ರಶ್ನೆಗೆ ಮನೆಯೊಳಗೇ ಉತ್ತರವು ದೊರೆಯುವುದು. ಯಾವ ಮಗು ಓದಿನಲ್ಲಿ ತೊಡರುತ್ತಿದೆಯೆಂಬುದು ಅರ್ಧವಾರ್ಷಿಕ ಪರೀಕ್ಷೆಗೂ ಮೊದಲೇ ತಾಯಿಗೂ ಗುರುವಿಗೂ ವಿದಿತವಾಗಿ, ನೆರವು ಸಕಾಲದಲ್ಲಿ ಒದಗುವುದು.