ನೆಂಟರಿಗೆ ಏನೆಂದು ಹೇಳಲಿ, ಸರ್?

ನಿವೃತ್ತನಾದ ಮೇಲೆ ನನ್ನ ಮನೆಗೆ ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ಎರಡು ಬಗೆ. ಲಗ್ನಪತ್ರಿಕೆ ಹಿಡಿದು ಬರುವವರು ಮೊದಲನೆಯವರು. ಮಕ್ಕಳನ್ನು ಮುಂದೆ ಏನು ಓದಿಸಬೇಕೆಂದು ಕೇಳಲು ಬರುವವರು ಎರಡನೆಯವರು. ಮೊದಲನೆಯವರಿಗೆ ಕಾಫಿ ಕೊಟ್ಟು, ಬರುತ್ತೇನೆಂದು ಹೇಳಿ ಕಳಿಸಿದರೆ ಸಾಕು. ಎರಡನೆಯವರು ಬಂದಾಗ ನನಗೆ ಒಳಗೊಳಗೇ ಅಳುಕು. ಅದರ ಕಾರಣವನ್ನು ಇದುವರೆಗೆ ಯಾರಲ್ಲಿಯೂ ಹೇಳಿಕೊಂಡಿರಲಿಲ್ಲ, ಇಂದು ಬರೆಯುತ್ತಿದ್ದೇನೆ.

2022ರ ಸೆಪ್ಟೆಂಬರಿನ ಒಂದು ಭಾನುವಾರ ಬಂದವನು ಈ ಎರಡನೆಯ ಬಗೆಯವನು. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿರುವವನು. ಶಾಲೆಯಲ್ಲಿದ್ದಾಗ ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಆ ದಿನ ಮಾತ್ರ ಕಾಫಿ ಆರಿ ತಣ್ಣಗಾಗುವವರೆಗೂ ಬಾಯಿ ಬಿಡಲಿಲ್ಲ. ಮಗಳು ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಳು, ಒಳ್ಳೆಯ ಅಂಕಗಳೂ ಬರುತ್ತಿದ್ದವು. ಸಿಇಟಿ ಬರೆದು ಇಂಜಿನಿಯರಿಂಗ್ ಸೇರುತ್ತಾಳೆಂದು ಮನೆಯವರೆಲ್ಲ ನಂಬಿಕೊಂಡಿದ್ದಾಗ ಹುಡುಗಿ ಬೇರೆಯೇ ರಾಗ ತೆಗೆದಿದ್ದಳು.

"ಬಿ.ಡೆಸ್ ಅಂತೆ ಸರ್. ಯುಎಕ್ಸ್ ಡಿಸೈನ್ ಅಂತಾಳೆ. ಫೀಸು ಹೇಗೋ ಹೊಂದಿಸ್ತೀನಿ ಅಂತಿಟ್ಕೊಳ್ಳಿ. ಮದುವೆ ಮನೇಲಿ ನೆಂಟರು ಮಗಳು ಏನು ಓದ್ತಿದ್ದಾಳೆ ಅಂತ ಕೇಳಿದ್ರೆ ಏನಂತ ಹೇಳ್ಲಿ, ಸರ್?"

ನನಗೆ ನಗು ಬಂತು. ಆದರೆ ಅವನ ಮುಖ ನೋಡಿದಾಗ ನಗು ಅಲ್ಲಿಯೇ ನಿಂತಿತು. ಅವನು ತಮಾಷೆ ಮಾಡುತ್ತಿರಲಿಲ್ಲ. ಡಾಕ್ಟರು, ಇಂಜಿನಿಯರು, ಮೇಷ್ಟರು, ಬ್ಯಾಂಕಿನವರು ಎಂದರೆ ಒಂದೇ ಮಾತಿನಲ್ಲಿ ಉತ್ತರ ಮುಗಿಯುತ್ತದೆ. ಕೇಳಿದವರು ತಲೆಯಾಡಿಸಿ ಎಲೆಯ ಕಡೆ ತಿರುಗುತ್ತಾರೆ. ಮಗಳ ಕೆಲಸಕ್ಕೆ ತನ್ನ ಬಾಯಲ್ಲಿ ಒಂದು ಹೆಸರೇ ಇಲ್ಲವೆಂದಾಗ, ಅದರಲ್ಲಿ ಅನ್ನವಿದೆಯೆಂದು ತಂದೆ ಹೇಗೆ ನಂಬಬೇಕು? ನಾವು ಇಂತಹ ತಂದೆಯರನ್ನು ಹಟಮಾರಿಗಳೆಂದು ಸುಲಭವಾಗಿ ಕರೆದುಬಿಡುತ್ತೇವೆ. ನಾನು ಕಂಡ ಬಹುಮಂದಿ ಹಟಮಾರಿಗಳಲ್ಲ, ಕತ್ತಲೆಯಲ್ಲಿ ನಿಂತವರು.

ನಾನೂ ಆ ಹೆಸರನ್ನು ಕೇಳಿದ್ದು ಅಂದೇ ಮೊದಲು. ಹಿಂದಿನ ನಾನಾಗಿದ್ದರೆ "ಸುಮ್ಮನೆ ಇಂಜಿನಿಯರಿಂಗ್ ಸೇರಿಸು" ಎಂದು ಹೇಳಿ ಕಳಿಸುತ್ತಿದ್ದೆ. ಒಮ್ಮೆ ಹಾಗೆ ಹೇಳಿ ಕಳಿಸಿಯೂ ಇದ್ದೇನೆ.

1998ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ತಂಡದಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬರೆಯುವುದಿಲ್ಲ; ಆ ತಂಡದವರಿಗೆ ಗುರುತು ಸಿಗುತ್ತದೆ. ಅವನ ರೇಖಾಗಣಿತದ ಪುಸ್ತಕ ತೆರೆದರೆ ಪ್ರಮೇಯಗಳ ಪಕ್ಕದ ಅಂಚಿನಲ್ಲಿ ಎತ್ತಿನ ಕೊರಳಿನ ಮಡಿಕೆಗಳು, ಕಾಯಿ ಸುಲಿಯುವವನ ಬಾಗಿದ ಬೆನ್ನು, ಬೋರ್ಡಿನ ಕಡೆ ತಿರುಗಿ ನಿಂತ ನಾನು! ಆಗಲೇ ಬೋಳಾಗತೊಡಗಿದ್ದ ನನ್ನ ನೆತ್ತಿಯನ್ನೂ ಅವನು ಬಿಟ್ಟಿರಲಿಲ್ಲ. ಆ ಚಿತ್ರಗಳ ಕೆಳಗೆ ನಾನು ಕೆಂಪು ಶಾಯಿಯಲ್ಲಿ "ಅನಗತ್ಯ" ಎಂದು ಬರೆಯುತ್ತಿದ್ದೆ.

ಫಲಿತಾಂಶ ಬಂದ ವಾರ ಅವನ ತಂದೆ ಮಗನನ್ನು ಕರೆದುಕೊಂಡು ಬಂದರು. ತೆಂಗಿನ ತೋಟದ ಹಿರಿಯರು. "ಮೇಷ್ಟ್ರೇ, ಮೈಸೂರಿಗೆ ಹೋಗಿ ಚಿತ್ರ ಕಲೀತೀನಿ ಅಂತಾನೆ ಇವ್ನು. ನೀವು ಹೇಳ್ದಂಗೆ ಮಾಡ್ತೀನಿ" ಎಂದರು. ನಾನು ಎರಡು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. "ಯಜಮಾನರೇ, ಚಿತ್ರ ಬರೆದರೆ ಹೊಟ್ಟೆ ತುಂಬುವುದಿಲ್ಲ. ಪಿಯುಸಿಗೆ ವಿಜ್ಞಾನ ಕೊಡಿಸಿ" ಎಂದೆ. ಹುಡುಗ ಬಾಗಿಲ ಬಳಿ ನಿಂತಿದ್ದ. ಅವನನ್ನು ನಾನು ಒಂದು ಮಾತೂ ಕೇಳಲಿಲ್ಲ. ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿಗೆ 1906ರಷ್ಟು ಹಿಂದೆಯೇ ಅಡಿಗಲ್ಲು ಬಿದ್ದಿತ್ತು, ಅದರ ಪರಂಪರೆಯಲ್ಲಿ ಕಾವಾ ಎಂಬ ದೃಶ್ಯಕಲಾ ಕಾಲೇಜು ನಡೆಯುತ್ತಿತ್ತು. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿತ್ತು. ಅಹಮದಾಬಾದಿನಲ್ಲಿ 1961ರಿಂದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಿತ್ತು. ಹದಿನಾರರ ಹುಡುಗ ಎಲ್ಲಿಂದಲೋ ಮೈಸೂರಿನ ವಿಷಯ ತಿಳಿದುಕೊಂಡು ಬಂದಿದ್ದ. ಬಿ.ಇಡಿ. ಮಾಡಿದ್ದ ನನಗೆ ಇವುಗಳಲ್ಲಿ ಒಂದೂ ತಿಳಿದಿರಲಿಲ್ಲ. ತಿಳಿಯದೆ ಇದ್ದದ್ದಕ್ಕಿಂತ, ತಿಳಿದವನಂತೆ ಮಾತನಾಡಿದ್ದು ಇಂದಿಗೂ ಚುಚ್ಚುತ್ತದೆ.

ಆ ಹುಡುಗ ವಿಜ್ಞಾನ ಸೇರಿದ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತದಲ್ಲಿ ಹೋಯಿತು, ಮತ್ತೆ ಕಟ್ಟಿದಾಗಲೂ ಹೋಯಿತು, ತೋಟಕ್ಕೆ ಮರಳಿದ. ಇಂದು ತೋಟವನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾನೆ. ತೆಂಗು ಬೆಳೆಯುವುದು ಸೋಲೆಂದು ನಾನು ಖಂಡಿತ ಹೇಳಲಾರೆ. ಆದರೆ ಅದು ಅವನು ಆರಿಸಿಕೊಂಡ ದಾರಿಯಲ್ಲ, ಉಳಿದ ದಾರಿ.

ಇದೆಲ್ಲ ಕಣ್ಣ ಮುಂದೆ ಸುಳಿದು ಹೋಗಿ, ಎದುರಿಗೆ ಕೂತಿದ್ದ ಕೊಬ್ಬರಿ ವ್ಯಾಪಾರಿಗೆ ಹೇಳಿದೆ: "ನನಗೂ ಇದು ಗೊತ್ತಿಲ್ಲಪ್ಪ. ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಬಾ. ಒಂದೇ ಷರತ್ತು, ಅವಳು ಮಾತನಾಡುವಾಗ ನೀನು ಬಾಯಿ ಹಾಕಬಾರದು."

ಬಂದ ಹುಡುಗಿ ಭಾಷಣ ಮಾಡಲಿಲ್ಲ. ನಮ್ಮ ಮನೆಯವರ ಮೊಬೈಲಿನಲ್ಲಿ ಬ್ಯಾಂಕಿನ ಆ್ಯಪ್ ಇರುವುದನ್ನು ನೋಡಿ, "ಅಜ್ಜಿ, ಇದರಲ್ಲಿ ಕರೆಂಟು ಬಿಲ್ಲು ಕಟ್ಟಿ ತೋರಿಸ್ತೀರಾ?" ಎಂದಳು. ಪಕ್ಕದಲ್ಲಿ ಕಾಗದ ಪೆನ್ಸಿಲ್ ಹಿಡಿದು ಕೂತಳು, ಸಹಾಯ ಮಾಡಲಿಲ್ಲ. ನಮ್ಮ ಮನೆಯವರು ಮೂರು ಕಡೆ ಸಿಕ್ಕಿಕೊಂಡರು. ತೆಳು ಬೂದುಬಣ್ಣದ ಅಕ್ಷರಗಳು ಕಾಣಲಿಲ್ಲ. ಬಿಲ್ಲು ಎಂಬುದು ಯಾವ ಚಿತ್ರದ ಹಿಂದಿದೆಯೆಂದು ತಿಳಿಯಲಿಲ್ಲ. ಕೊನೆಗೆ ಒತ್ತಬೇಕಾದ ಗುಂಡಿ ಕೀಲಿಮಣೆಯ ಅಡಿಯಲ್ಲಿ ಅಡಗಿ ಕೂತಿತ್ತು. "ನನಗೆ ವಯಸ್ಸಾಯ್ತು, ಇದೆಲ್ಲ ಆಗಲ್ಲ" ಎಂದು ಫೋನು ಕೆಳಗಿಟ್ಟರು. "ತಪ್ಪು ನಿಮ್ಮದಲ್ಲ ಅಜ್ಜಿ, ಪರದೆಯದು" ಎಂದ ಹುಡುಗಿ, ಅರ್ಧ ಗಂಟೆಯಲ್ಲಿ ನಾಲ್ಕು ಹಾಳೆಗಳ ಮೇಲೆ ಅದೇ ಪರದೆಗಳನ್ನು ಬೇರೆ ರೀತಿಯಲ್ಲಿ ಬರೆದಳು. ಅಕ್ಷರ ದಪ್ಪ, ಗುಂಡಿ ಮೇಲಕ್ಕೆ, ಒಂದು ಹಾಳೆಯಲ್ಲಿ ಒಂದೇ ಪ್ರಶ್ನೆ. ಮತ್ತೆ ಅವರ ಮುಂದಿಟ್ಟು, ಕಾಗದದ ಮೇಲೆಯೇ ಬೆರಳಿನಿಂದ ಒತ್ತಿ ಎಂದಳು. ಈ ಸಲ ಎಲ್ಲಿಯೂ ಬೆರಳು ನಿಲ್ಲಲಿಲ್ಲ.

"ಸರ್, ನಾನು ಕಲೀಬೇಕು ಅಂತಿರೋದು ಇದನ್ನೇ."

ಅಲ್ಲಿಯವರೆಗೆ ಷರತ್ತು ಪಾಲಿಸಿದ್ದ ತಂದೆ ಮೆಲ್ಲಗೆ ಕೇಳಿದ: "ಅಂದ್ರೆ ಗಿರಾಕಿ ಎಲ್ಲಿ ತಡವರಿಸ್ತಾನೆ ಅಂತ ನೋಡಿ ಸರಿ ಮಾಡೋದು?" "ಹೂಂ ಅಪ್ಪ, ಅಷ್ಟೇ." ರಾಜ್ಯದ ಕೃಷಿ ಮಾರುಕಟ್ಟೆಗಳಿಗೆ 2014ರಿಂದ ಆನ್‌ಲೈನ್ ವ್ಯವಸ್ಥೆ ಬರತೊಡಗಿದಾಗ, ಕೊಬ್ಬರಿಗೆ ದರ ನಮೂದಿಸಲು ಕಂಪ್ಯೂಟರಿನ ಮುಂದೆ ಕೂತು ತನ್ನ ಬೆರಳು ನಡುಗಿದ್ದನ್ನು ಅವನು ಆಗ ನೆನಪಿಸಿಕೊಂಡ. ಗಿರಾಕಿಯ ಮುಖ ಓದುವುದು ಅವನಿಗೆ ಹೊಸದೇನಲ್ಲವಲ್ಲ!

ಮುಂದಿನದು ಹಣದ ಮಾತು. ಬಹಳಷ್ಟು ಮಕ್ಕಳು ಈ ಮಾತನ್ನು ಅಪ್ಪ-ಅಮ್ಮಂದಿರ ತಲೆಗೇ ಬಿಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಲೆಕ್ಕವನ್ನು ಮಗಳೇ ಬರೆದು ತರಬೇಕೆಂದೆ. ತಂದಳು. ಐಐಟಿ ಬಾಂಬೆಯವರು 2015ರಿಂದ ನಡೆಸುತ್ತಿರುವ ಯುಸೀಡ್ ಪರೀಕ್ಷೆ ಜನವರಿಯಲ್ಲಿ. ಯಾವ ವಿಭಾಗದಲ್ಲಿ ಪಿಯುಸಿ ಓದಿದವರೂ ಬರೆಯಬಹುದು, ಅಂಕಗಳನ್ನು ಬೇರೆ ಕೆಲವು ಕಾಲೇಜುಗಳೂ ಪರಿಗಣಿಸುತ್ತವೆ. ಕೋರ್ಸು ನಾಲ್ಕು ವರ್ಷ. ಬೆಂಗಳೂರಿನಲ್ಲೇ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇದೆಯಲ್ಲ ಎಂದು ತಂದೆ ಹಿಗ್ಗಿದ. ಅಲ್ಲಿರುವುದು ಸ್ನಾತಕೋತ್ತರ ತರಗತಿ ಮಾತ್ರ ಎಂದು ಮಗಳು ತಿದ್ದಿದಳು. ಖಾಸಗಿ ಕಾಲೇಜಾದರೆ ಶುಲ್ಕ ವರ್ಷಕ್ಕೆ ಲಕ್ಷಗಳ ಮೇಲೆಯೇ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡವಿಡಬೇಕಿಲ್ಲ, ಕೋರ್ಸು ಮುಗಿದು ಒಂದು ವರ್ಷದ ಮೇಲೆ ಕಂತು ಆರಂಭ, ಆದರೆ ಸಾಲದ ಕಾಗದಕ್ಕೆ ತಂದೆಯ ರುಜುವೂ ಬೇಕು. ಈ ಕೊನೆಯ ಸಾಲನ್ನು ಅವಳು ಅಡಿಗೆರೆ ಹಾಕಿ ಬರೆದಿದ್ದಳು. ಸಿಇಟಿಯನ್ನೂ ಬರೆಯುವುದೆಂದು ನಾವು ಮೂವರೂ ಒಪ್ಪಿಕೊಂಡೆವು.

ಇಲ್ಲಿ ಒಂದು ಮಾತು. ಮಕ್ಕಳು ಕೇಳಿದ್ದಕ್ಕೆಲ್ಲ ಹೂಂ ಎನ್ನಬೇಕೆಂದು ನಾನು ಹೇಳುತ್ತಿಲ್ಲ. ಅದೇ ವರ್ಷ ನಮ್ಮ ಬಂಧುಗಳ ಹುಡುಗನೊಬ್ಬ ಕಂಪ್ಯೂಟರ್ ಆಟಗಳನ್ನು ತಯಾರಿಸುತ್ತೇನೆಂದು ಹಟ ಹಿಡಿದಿದ್ದ. ಮಾಡಿದ್ದನ್ನು ಏನಾದರೂ ತೋರಿಸಪ್ಪ ಎಂದರೆ ಏನೂ ಇರಲಿಲ್ಲ, ಆಡಿದ್ದಷ್ಟೇ ಇತ್ತು. ಮೂರು ತಿಂಗಳಲ್ಲಿ ಕೆಲಸ ಖಚಿತ ಎಂಬ ಜಾಹೀರಾತೊಂದನ್ನು ನಂಬಿಕೊಂಡಿದ್ದ. ಮೊದಲು ಚಿಕ್ಕದೊಂದು ಆಟ ಮಾಡಿ ತಾ ಎಂದೆ. ಇನ್ನೂ ತಂದಿಲ್ಲ.

ಹಾಗೆಂದು ಹಳೆಯ ದಾರಿಗಳೆಲ್ಲ ಭದ್ರವೇ? ನಾನು ನೌಕರಿಗೆ ಸೇರಿದ ಕಾಲದಲ್ಲಿ ಟಿಸಿಎಚ್ ಮಾಡಿದರೆ ಜೀವನ ಭದ್ರ, ಟೈಪು ಶಾರ್ಟ್‌ಹ್ಯಾಂಡ್ ಕಲಿತರೆ ಇನ್ನೂ ಭದ್ರ ಎನ್ನುತ್ತಿದ್ದೆವು. ಆ ಟೈಪು ಯಂತ್ರಗಳ ಸದ್ದು ಈಗ ಎಲ್ಲಿದೆ?

2023ರಲ್ಲಿ ಎರಡೂ ಫಲಿತಾಂಶಗಳು ಬಂದವು. ಯುಸೀಡ್‌ನಲ್ಲಿ ಐಐಟಿ ಸಿಗುವಷ್ಟು ರ‍್ಯಾಂಕು ಬರಲಿಲ್ಲ. ಬೆಂಗಳೂರಿನ ಒಂದು ಖಾಸಗಿ ವಿನ್ಯಾಸ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಇತ್ತ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕು. ನಿಜವಾದ ಪರೀಕ್ಷೆ ತಂದೆಗೆ ಬಂದದ್ದು ಆಗ. ಅಮ್ಮ, ಸೋದರಮಾವ, ಅಕ್ಕಪಕ್ಕದವರು ಎಲ್ಲರೂ ಇಂಜಿನಿಯರಿಂಗ್ ಎಂದರು. ಇವನು ಯಾರಿಗೂ ಹೇಳದೆ ಬೆಂಗಳೂರಿಗೆ ಹೋದ. ಕಾಲೇಜಿನ ಕಚೇರಿಗೆ ಹೋಗಲಿಲ್ಲ, ಕ್ಯಾಂಟೀನಿನಲ್ಲಿ ಕೂತ. ಕೊನೆಯ ವರ್ಷದ ಮಕ್ಕಳನ್ನು ಮಾತಿಗೆಳೆದು ಎಲ್ಲಿ ಇಂಟರ್ನ್‌ಶಿಪ್ ಮಾಡಿದಿರಿ, ಎಷ್ಟು ಕೊಟ್ಟರು, ಏನು ಕಲಿಸಲಿಲ್ಲ ಎಂದೆಲ್ಲ ವಿಚಾರಿಸಿದ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಗಿಟುಕು ಬಿಟ್ಟಿದೆಯೇ ಎಂದು ತಿಳಿಯುವ ಮನುಷ್ಯ ಅವನು. ಮರಳಿ ಬಂದು ಸಾಲದ ಕಾಗದಕ್ಕೆ ರುಜು ಹಾಕಿದ.

ಅವಳ ಕೋರ್ಸು ಮುಗಿಯುವುದು 2027ಕ್ಕೆ. ಎಲ್ಲವೂ ಸುಖಾಂತವೆಂದು ನಾನು ಬರೆಯಲಾರೆ. ಮೊನ್ನೆ ತಂದೆ ಫೋನು ಮಾಡಿ, "ಸರ್, ಈಗ ಎಐ ಬಂದು ಪರದೆಗಳನ್ನ ತಾನೇ ಬರೆದುಬಿಡುತ್ತಂತೆ, ಹೌದಾ?" ಎಂದ. ಹೌದು ಎಂದೆ. "ಮಗಳೂ ಹಾಗೇ ಅಂದ್ಳು. ಅಜ್ಜಿ ಪಕ್ಕದಲ್ಲಿ ಕೂತು ನೋಡೋ ಕೆಲಸ ಯಾರಾದ್ರೂ ಮಾಡ್ಲೇಬೇಕಲ್ಲಪ್ಪ ಅಂತಾಳೆ." ಅವಳ ಮಾತು ನಿಜವಾಗಲೆಂದು ಹಾರೈಸುತ್ತೇನೆ, ಖಾತರಿ ಕೊಡಲು ನಾನು ಯಾರು? ನೆಂಟರಿಗೆ ಏನು ಹೇಳುತ್ತೀ ಎಂದು ಕೇಳಿದೆ. "ವಯಸ್ಸಾದೋರಿಗೂ ಮೊಬೈಲು ಅರ್ಥ ಆಗೋ ಹಾಗೆ ಮಾಡೋ ಓದು ಅಂತೀನಿ ಸರ್. ತಕ್ಷಣ ತಮ್ಮ ಫೋನು ತೆಗೆದು, ಇದನ್ನ ಸ್ವಲ್ಪ ಸರಿ ಮಾಡಿಕೊಡೋಕೆ ಹೇಳು ಅಂತಾರೆ!"

ಕಳೆದ ದೀಪಾವಳಿಗೆ ಧೈರ್ಯ ಮಾಡಿ 1998ರ ಆ ಹುಡುಗನ ತೋಟದ ಮನೆಗೆ ಹೋಗಿದ್ದೆ. ಹುಡುಗನೆಂದೆ, ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದೆ. ಅಂದು ನಾನು ಆಡಿದ ಮಾತು ತಪ್ಪಾಗಿತ್ತು ಎಂದೆ. ಅವನು ತುಸು ಹೊತ್ತು ಏನೂ ಹೇಳಲಿಲ್ಲ. ಎಳನೀರು ಕೆತ್ತಿ ಕೊಟ್ಟ. ಆಮೇಲೆ, "ಮಗಳು ಹತ್ತನೇ ಕ್ಲಾಸು ಸರ್. ಅದೇನೋ ಡೇಟಾ ಸೈನ್ಸ್ ಅಂತಾಳೆ, ನನಗೊಂದೂ ತಿಳಿಯಲ್ಲ. ನಿಮ್ಮನೆಗೆ ಕಳಿಸಲಾ?" ಎಂದ.

ನೀನೂ ಜೊತೆಯಲ್ಲಿ ಬಾ ಎಂದು ಹೇಳಿ ಬಂದೆ.